ಅಡ್ಡ

ಲಾರಿ ನಿಲ್ಲುತ್ತದೆ, ತೂಕ ಬರೆಯುತ್ತೇನೆ, ಲಾರಿ ಹೋಗುತ್ತದೆ.
ಚಿಕ್ಕಮಗಳೂರಿನ ಈ ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ
ಮೂವತ್ತೊಂದು ವರ್ಷ ಎಲ್ಲವೂ ನೆಟ್ಟಗೆ ಬಂದು
ನೆಟ್ಟಗೆ ಹೋಗಿವೆ.
ಒಂದು ಸಲ ಬಿಟ್ಟು.

ಅವತ್ತು ಭಾನುವಾರ. ಏಪ್ರಿಲ್. ಕಣ ಖಾಲಿ.
ಕಾಫಿ ಬಾಚಿ ತೆಗೆದ ಸಿಮೆಂಟಿನ ಮೇಲೆ
ಸಿಪ್ಪೆಯ ಪುಡಿ ಮಾತ್ರ, ರಂಗೋಲಿ ಹಿಟ್ಟಿನಷ್ಟು ತೆಳ್ಳಗೆ.
ಬಾಕಿ ಉಳಿದ ಚೀಟಿ ಕೂಡಲು ಬಂದಿದ್ದೆ ನಾನು.
ವಾಚ್‌ಮನ್ ದ್ಯಾವೇಗೌಡರ ಕೈಗೆ ಒಂದು ಕಟ್ಟು ಬೀಡಿ ಇಟ್ಟು
ಗ್ಯಾರೇಜಿನ ಮುನೀರ್ ಒಳಗೆ ತಂದಿದ್ದ
ಯಾರದೋ ಎಸ್ಟೇಟಿನ ಕಾಂಟೆಸಾ, ರಿಪೇರಿಗೆ ಬಿಟ್ಟಿದ್ದು,
ಬಾನೆಟ್ಟು ಒಂದು ಬಣ್ಣ, ಬಾಗಿಲು ಒಂದು ಬಣ್ಣ.

ಕಣದ ನಡುವೆ ಒಂದು ಡಾಂಬರು ಡ್ರಮ್ಮು.
ಅದರ ಸುತ್ತ ಕಾರು
ಮೂತಿ ಒಳಗೆ, ಬೆನ್ನು ಹೊರಗೆ,
ಎತ್ತ ಮುಖವೋ ಅತ್ತ ಹೋಗದೆ
ಹೋಯಿತು.
ಸ್ಟೇರಿಂಗ್ ಬಲಕ್ಕೆ, ಕಾರು ಎಡಕ್ಕೆ,
ಬೀಳುತ್ತದೆ ಅನ್ನುವಷ್ಟರಲ್ಲಿ ಬೀಳದೆ,
ಬೀಳುವುದನ್ನೇ ಒಂದು ಕೆಲಸ ಮಾಡಿಕೊಂಡು.
ಪೆನ್ನಿಗೆ ಕ್ಯಾಪು ಹಾಕುವುದು ಮರೆತಿದ್ದೆ.
ಲಂಗದ ಮೇಲೆ ಶಾಯಿ ಹರಿದದ್ದು
ಮನೆಗೆ ಹೋದ ಮೇಲೆ ಅಮ್ಮ ಹೇಳಿ ಗೊತ್ತಾಯಿತು.

ಕೇಳಿದವರೆಲ್ಲ ಮುನೀರನ ಬಗ್ಗೆಯೇ ಕೇಳುತ್ತಾರೆ,
ಕಣ್ಣು ಕಿರಿದು ಮಾಡಿ.
ಅವನನ್ನಲ್ಲ ಮಾರಾಯ್ರೆ, ನಾನು ನೋಡಿದ್ದು ಹಿಂದಿನ ಚಕ್ರ.
ಮುನೀರ್ ಈಗ ಕಡೂರಿನಲ್ಲಿ ಬ್ಯಾಟರಿ ಮಾರುತ್ತಾನೆ.
ಸಿಕ್ಕರೆ ಸೊಂಟನೋವಿನ ಮಾತು. ಡ್ರಮ್ಮು ನೆನಪಿಲ್ಲ ಅವನಿಗೆ.
ನನಗಿದೆ: ಏಳು ಸುತ್ತು, ಎಂಟನೆಯದು ಅರ್ಧ.

ಆಮೇಲೆ ಕಲಿತೆ. ಪೇಟೆಯ ಸಿ.ಡಿ. ಅಂಗಡಿಯಲ್ಲಿ
ಜಪಾನಿನ ಘಾಟಿಗಳು ಹತ್ತು ರೂಪಾಯಿ ಬಾಡಿಗೆಗೆ ಸಿಗುತ್ತಿದ್ದವು.
(ಮಗನಿಗಾ ಮೇಡಂ ಅಂದ. ಹೂಂ ಅಂದೆ. ನನಗೆ ಮಗನಿಲ್ಲ.)
ಈಗ ಫೋನಿನಲ್ಲಿ, ರಾತ್ರಿ, ಒಂದು ಕಿವಿಗೆ ಇಯರ್‌ಫೋನು,
ಇನ್ನೊಂದು ಕಿವಿ ಕುಕ್ಕರಿಗೆ.
ಹ್ಯಾಂಡ್‌ಬ್ರೇಕಿಗೆ ಮುಂಚೆ ಎಂಜಿನ್ನು ಒಂದು ಉಸಿರು ಹಿಡಿಯುತ್ತದಲ್ಲ,
ಅದನ್ನು ಕಣ್ಣು ಮುಚ್ಚಿಯೂ ಹೇಳಬಲ್ಲೆ.
ಅತ್ತಿಗುಂಡಿ ಬಸ್ಸು ಕೈಮರ ದಾಟಿದರೆ ಸಾಕು,
ತಿರುವಿನಲ್ಲಿ ಎಲ್ಲರೂ ಒಂದು ಕಡೆ ವಾಲುವಾಗ
ಮಡಿಲಲ್ಲಿ ನನ್ನ ಕೈ ಇನ್ನೊಂದು ಕಡೆ ತಿರುಗಿಸುತ್ತದೆ
ಇಲ್ಲದ ಸ್ಟೇರಿಂಗನ್ನು.

"ಟೈರು ಸವೆಸೋದನ್ನ ದುಡ್ಡು ಕೊಟ್ಟು ನೋಡ್ಬೇಕೇನೆ?"
ನಮ್ಮನೆಯವರು, ಓಂಕಾರಪ್ಪನವರು, ಕೇಳಿದ್ದು.
ಸರಿಯಾದ ಪ್ರಶ್ನೆ. ಉತ್ತರ ಇಲ್ಲ.
ನಮ್ಮಲ್ಲಿ ಅಡ್ಡ ಅನ್ನುವ ಮಾತಿಗೇ ಮರ್ಯಾದೆ ಇಲ್ಲ:
ಅಡ್ಡದಾರಿ, ಅಡ್ಡಮಾತು, ಅಡ್ಡಕಸುಬಿ.
ದೇವರ ಮುಂದೆ ಮಾತ್ರ ಅಡ್ಡ ಬೀಳಬಹುದು.

ಹೋದ ಡಿಸೆಂಬರಿನಲ್ಲಿ ಮೂಗ್ತಿಹಳ್ಳಿ ಆಚೆಯ ಬಯಲಿನಲ್ಲಿ
ಹುಡುಗರು ಕಾರು ತಂದು ಸೇರಿದ್ದರು.
ಪ್ಲಾಸ್ಟಿಕ್ ಕುರ್ಚಿ, ಕೊಡೆ, ಬುತ್ತಿ ಸಮೇತ ಹೋದೆ.
"ಅಮ್ಮಾ, ದಾರಿ ತಪ್ಪಿತಾ?" ಅಂದ ಒಬ್ಬ.
"ನಿನ್ನ ಎಡ ಹಿಂದಿನ ಟೈರಿಗೆ ಗಾಳಿ ಜಾಸ್ತಿ" ಅಂದೆ.
ಅಳೆದು ನೋಡಿದ. ಕುರ್ಚಿ ತೆಗೆದು ನೆರಳಿಗೆ ಹಾಕಿದ.
ಹೊರಡುವಾಗ ಹರಿದ ರಬ್ಬರಿನ ಒಂದು ತುಂಡು ಕೊಟ್ಟ,
ಇನ್ನೂ ಬಿಸಿ.

ಅದು ನನ್ನ ಮೇಜಿನ ಖಾನೆಯಲ್ಲಿದೆ, ಸೀಲಿನ ಪಕ್ಕ.
ಒಂದು ಮಧ್ಯಾಹ್ನ ಯಾರೂ ಇಲ್ಲದಾಗ
ಲಾರಿ ನಿಲ್ಲುವ ಜಾಗದಲ್ಲಿ ಅದನ್ನಿಟ್ಟು
ಓಡಿ ಬಂದು ನೋಡಿದೆ.
ಅರವತ್ತು ಟನ್ ತೂಗುವ ಯಂತ್ರ:
ಸೊನ್ನೆ.
ಚೀಟಿ ಬರೆದೆ. ಮಾಲು, ರಬ್ಬರು. ನಿವ್ವಳ, ಸೊನ್ನೆ. ಸಹಿ.

ಮೊನ್ನೆ ಸಂಜೆ ಕಣ ಖಾಲಿಯಿತ್ತು. ಸಿಪ್ಪೆಪುಡಿಯಿತ್ತು.
ನನ್ನ ಹತ್ತಿರ ಸ್ಕೂಟಿ ಇತ್ತು.
ಹೆಚ್ಚೇನಲ್ಲ. ಹಿಂದಿನ ಚಕ್ರ ಒಂದು ಗೇಣು, ಒಂದೇ ಗೇಣು,
ನನ್ನನ್ನು ಕೇಳದೆ
ತನ್ನ ಪಾಡಿಗೆ ತಾನು ಜಾರಿತು.

ಮಂಡಿ ತರಚಿದೆ. ಓಂಕಾರಪ್ಪನವರು ಅರಿಸಿನ ಹಚ್ಚುತ್ತಾ
ಹೇಗಾಯಿತು ಅಂದರು.
ನಾಯಿ ಅಡ್ಡ ಬಂತು ಅಂದೆ.